ಒಂದು ಪಂಪಿಗೆ ಎರಡು ಬಾಯಿ

ನನ್ನ ಎರಡೂ ಕಿವಿಗಳನ್ನು ಭಾವ ಟೂರೆ ಕಳೆದ ಚಳಿಗಾಲದಲ್ಲಿ ತನ್ನ ಕಾರಿನ ಎಂಜಿನ್ನಿಗೆ ಜೋಡಿಸಿಬಿಟ್ಟ.

ತಮಾಷೆಗೆ ಹೇಳುತ್ತಿಲ್ಲ. ತಾಮ್ರದ ಕೊಳವೆಯೊಂದರ ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ತೂತು ಕೊರೆದು, ಎಂಜಿನ್ನಿನ ಮೈಗೆ ಬೋಲ್ಟ್ ಹಾಕಿ ಬಿಗಿದ. ಇನ್ನೊಂದು ತುದಿಗೆ ರಬ್ಬರ್ ಪೈಪು. ಆ ಪೈಪು ಡ್ಯಾಶ್‌ಬೋರ್ಡಿನ ಅಡಿಯಿಂದ ಹಾವಿನಂತೆ ತೂರಿ ಬಂದು, ಕಾಡಿನಲ್ಲಿ ಗರಗಸ ಹಿಡಿಯುವವರು ಹಾಕಿಕೊಳ್ಳುವ ಕಿವಿಮುಚ್ಚುಗೆಯ ಒಳಗೆ ಸೇರುತ್ತಿತ್ತು. ಆ ಕಿವಿಮುಚ್ಚುಗೆಯ ನಡುವೆ ನನ್ನ ತಲೆ.

ಟೂರೆಗೆ ತನ್ನದೇ ಕಿವಿಗಳಿಲ್ಲವೇ ಎಂದರೆ, ಇವೆ, ಟೋಪಿ ನಿಲ್ಲುವುದಕ್ಕೆ. ಮೂವತ್ತೊಂದು ವರ್ಷ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದವನು. ದಪ್ಪ ಶಬ್ದ ಕೇಳುತ್ತದೆ, ಸಣ್ಣ ಶಬ್ದ ಕೇಳುವುದಿಲ್ಲ. ನಮ್ಮಕ್ಕ ಗುನ್ವೋರಳ ದನಿ ಬಲು ಸಣ್ಣ. ಅವರ ಸಂಸಾರ ಮೂವತ್ತು ವರ್ಷ ಸುಸೂತ್ರವಾಗಿ ನಡೆದುಬಂದ ಗುಟ್ಟು ಅಲ್ಲೇ ಇದೆ ಎಂದು ನಮ್ಮೂರು ಲಾವ್‌ಸೆಲೆಯ ಜನ ಹೇಳುತ್ತಾರೆ. ನಾನೋ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಪಿಯಾನೊಗಳ ಶ್ರುತಿ ಸರಿಪಡಿಸುವುದು ಉಪಕಸುಬು. ಸುತ್ತಲಿನ ಅರವತ್ತು ಕಿಲೋಮೀಟರಿನಲ್ಲಿ ನನ್ನಂಥ ಕಿವಿ ಮತ್ತೊಂದಿಲ್ಲ. ನನ್ನಂಥ ಪುಕ್ಕಲನೂ ಇಲ್ಲ. ಟೂರೆಗೆ ಕಿವಿ ಬೇಕಿತ್ತು. ಪುಕ್ಕಲುತನ ಅದರ ಜೊತೆಗೆ ಪುಕ್ಕಟೆ ಬಂತು.

ಇದಕ್ಕೆಲ್ಲ ಕಾರಣ ದಿಮ್ಮಿ ಲಾರಿಗಳು. ನಮ್ಮೂರಿನಿಂದ ಪೇಟೆಗೆ ತೊಂಬತ್ತು ಕಿಲೋಮೀಟರು, ಒಂದೇ ರಸ್ತೆ, ಬಲಗಡೆ ಹೋಗಲೊಂದು ಸಾಲು, ಎಡಗಡೆ ಬರಲೊಂದು ಸಾಲು. ಯಾವಾಗ ಹೊರಟರೂ ಮುಂದೊಂದು ಲಾರಿ, ಇಪ್ಪತ್ನಾಲ್ಕು ಮೀಟರ್ ಉದ್ದ, ಅರವತ್ತು ಟನ್ ಪೈನ್ ಮರ. ಅದರ ಹಿಂದೆ ನಾವು, ದಿಮ್ಮಿಗಳ ಬುಡದ ಉಂಗುರಗಳನ್ನು ಎಣಿಸುತ್ತಾ. ಟೂರೆ ಒಂದು ದಿನ ಕಾಫಿ ಕಪ್ಪು ಕೆಳಗಿಟ್ಟು ಘೋಷಿಸಿದ: "ನಾನು ಸಾಯೋ ತನಕ ಇನ್ನೊಬ್ಬರ ಮರದ ಮುಕಳಿ ನೋಡ್ಕೊಂಡು ಕೂತ್ಕೊಳಲ್ಲ."

ಹಾಗಾಗಿ ಮೂವತ್ತು ವರ್ಷ ಹಳೆಯ ಕಾರಿನ ಟರ್ಬೊ ಒತ್ತಡವನ್ನು ಅರ್ಧ ಬಾರ್ ಅಳತೆಯಿಂದ ಒಂದೂಕಾಲಿಗೆ ಏರಿಸಿದ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ. ಹೆಚ್ಚು ತುರುಕಿದರೆ ಗಾಳಿ ಕಾಯುತ್ತದೆ. ಗಾಳಿ ಕಾದರೆ ಪೆಟ್ರೋಲು ಕಿಡಿಗೆ ಕಾಯುವುದಿಲ್ಲ. ತಾನಾಗಿಯೇ, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಆಗ ಒಳಗಿಂದ ಟಿಕ್ ಟಿಕ್ ಎಂಬ ಬಡಿತ. ಆ ಬಡಿತ ನಾಲ್ಕಾರು ಸೆಕೆಂಡು ನಡೆದರೆ ಪಿಸ್ಟನ್ನಿಗೆ ತೂತು. ಇದಕ್ಕೆ ಮದ್ದು, ಎಂಜಿನ್ನು ಎಳೆಯುವ ಗಾಳಿಗೆ ನೀರಿನ ತುಂತುರು ಹಾಕುವುದು.

ಆದರೆ ನಮ್ಮಲ್ಲಿ ಫೆಬ್ರವರಿಯಲ್ಲಿ ಸೊನ್ನೆಯ ಕೆಳಗೆ ಇಪ್ಪತ್ತೈದು ಡಿಗ್ರಿ. ನೀರು ಹಾಕಿದರೆ ಕಲ್ಲು. ಹೆಪ್ಪುಗಟ್ಟದ ನೀರು ಕಾರಿನಲ್ಲಿ ಇರುವುದು ಒಂದೇ ಕಡೆ, ಮುಂದಿನ ಗಾಜು ತೊಳೆಯುವ ಡಬ್ಬಿಯಲ್ಲಿ. ಅರ್ಧಕ್ಕರ್ಧ ಸ್ಪಿರಿಟ್ ಬೆರೆಸಿದ ನೀಲಿ ನೀರು. ಡಬ್ಬಿ ಇದೆ, ಪಂಪು ಇದೆ, ನೀರೂ ಇದೆ. ಟೂರೆ ಮಾಡಿದ್ದು ಇಷ್ಟೇ: ಪೈಪಿಗೊಂದು ಕವಲು, ಕವಲಿಗೊಂದು ಕರೆಂಟಿನ ವಾಲ್ವು. ಟರ್ಬೊ ಒತ್ತಡ ಏರಿದಾಗ ನೀರು ಎಂಜಿನ್ನಿಗೆ. ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದಾಗ ನೀರು ಗಾಜಿಗೆ.

"ಎರಡೂ ಒಟ್ಟಿಗೆ ಬೇಕಾದ್ರೆ?" ಎಂದು ಕೇಳಿದ್ದೆ.

"ಕಡ್ಡಿನೇ ಗೆಲ್ಲುತ್ತೆ. ಕಡ್ಡಿ ಎಳೆದ್ರೆ ವಾಲ್ವು ಗಾಜಿನ ಕಡೆ ತಿರುಗಲೇಬೇಕು. ಇಲ್ದಿದ್ರೆ ಆ ತಪಾಸಣೆಯೋರು ನನ್ನ ಕಾರನ್ನ ಗುಜರಿಗೆ ಕಳಿಸ್ತಾರೆ."

ಟೂರೆ ಕರಡಿಗೆ ಹೆದರುವುದಿಲ್ಲ, ದೇವರಿಗೂ ಹೆದರುವುದಿಲ್ಲ. ಅವನು ಹೆದರುವುದು ವರ್ಷಕ್ಕೊಮ್ಮೆ ಕಾರು ತಪಾಸಣೆ ಮಾಡುವ, ಕೈಯಲ್ಲಿ ಟಾರ್ಚು ಹಿಡಿದ ಹುಡುಗರಿಗೆ. ಗಾಜಿಗೆ ನೀರು ಬೀಳದಿದ್ದರೆ ಅವರು ಕಾರನ್ನು ಫೇಲು ಮಾಡುತ್ತಾರೆ. ಹಾಗಾಗಿ ಕಡ್ಡಿಯದೇ ಮೇಲುಗೈ.

"ಮತ್ತೆ ಎಂಜಿನ್ನಿಗೆ ನೀರಿಲ್ದೆ ಹೋದ್ರೆ?"

"ಈ ಚಳೀಲಿ ಗಾಜನ್ನ ಯಾರು ತೊಳೀತಾರೋ ಎವರ್ಟ್? ನವೆಂಬರಿಂದ ನೀನು ಎಷ್ಟು ಸಲ ತೊಳ್ದಿದೀಯ ಹೇಳು."

ಯೋಚಿಸಿದೆ. ಒಂದು ಸಲವೂ ಇಲ್ಲ. ಕಡುಚಳಿಯಲ್ಲಿ ಹಿಮ ಹಿಟ್ಟಿನಂತೆ ಒಣಗಿರುತ್ತದೆ; ಗಾಜಿಗೆ ಅಂಟುವುದೇ ಇಲ್ಲ. ಸರಿ ಎಂದು ತಲೆಯಾಡಿಸಿದೆ. ಟೂರೆ ಉಸಿರನ್ನು ಒಳಗೆಳೆದು 'ಶುಪ್' ಎಂದ. ನಮ್ಮ ಕಡೆ ಹೌದು ಎನ್ನುವುದು ಹಾಗೆಯೇ. ಗಾಳಿ ಎಳೆಯುವ ವಿಷಯದಲ್ಲಿ ನಾವೆಲ್ಲ ಹುಟ್ಟಾ ಟರ್ಬೊಗಳು.

ಮೊದಲ ಓಟಕ್ಕೆ ಹೊರಟ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ನೋಡೋ ಎವರ್ಟ್, ನಾನು ಹೇಳಿದ್ದು ಅವ್ನಿಗೆ ಕೇಳಿಸಲ್ಲ. ಎಂಜಿನ್ ಹೇಳಿದ್ದೂ ಕೇಳಿಸಲ್ಲ. ಅವ್ನ ಹಳೇ ಕಾರಿಂದು ಓಡೋವಾಗ್ಲೇ ಪಿಸ್ಟನ್ ಒಡೆದು, ಗಾಡಿ ಗಕ್ಕಂತ ನಿಂತು, ಹಿಂದಿನ ಬಸ್ಸು ಗುದ್ದೋದು ಒಂದು ಗೇಣಲ್ಲಿ ತಪ್ಪಿತ್ತು. ಗೊತ್ತಲ್ವ ನಿನಗೆ?"

"ಗೊತ್ತು."

"ನೀನು ಹೇಳಿದ್ರೆ ಮಾತ್ರ ಅವನು ಕಾಲು ಎತ್ತೋದು. ನನ್ನ ಗಂಡ ನಿನ್ನ ಕಿವೀಲಿದಾನೆ ಕಣೋ. ವಾಪಸ್ ಕರ್ಕೊಂಡು ಬಾ."

ಅಂದಿನಿಂದ ನನಗೆ ನಿದ್ದೆಯಲ್ಲೂ ಟಿಕ್ ಕೇಳತೊಡಗಿತು.

ಎಂಜಿನ್ನಿನ ಅಬ್ಬರದಲ್ಲಿ ನನ್ನ ಕೂಗು ಅವನಿಗೆ ಕೇಳಿಸುವುದು ಅನುಮಾನ. ಅದಕ್ಕೇ ಒಂದು ಸಂಜ್ಞೆ ಗೊತ್ತು ಮಾಡಿಕೊಂಡೆವು: ಟಿಕ್ ಕೇಳಿದ ಕೂಡಲೇ ನಾನು ಅವನ ತೊಡೆಗೆ ಹೊಡೆಯಬೇಕು, ಅವನು ಕಾಲು ಎತ್ತಬೇಕು. ಪೈಲ್ವಾನರು ಧೈರ್ಯಕ್ಕೆ ತೊಡೆ ತಟ್ಟುತ್ತಾರೆ, ತಮ್ಮದನ್ನು. ನಾನು ಭಯಕ್ಕೆ ತಟ್ಟುತ್ತಿದ್ದೆ, ಭಾವನದನ್ನು.

ಕೆರೆಯ ಮಂಜುಗಡ್ಡೆಯ ಮೇಲಿನ ದಾರಿಯಲ್ಲಿ ಟೂರೆ ನನಗೆ ಪಾಠ ಮಾಡಿದ. ಪಂಪಿನ ಫ್ಯೂಸು ಕಿತ್ತು, ಒಂದೇ ಕ್ಷಣ ಪೂರ್ತಿ ಒತ್ತಿ, "ಕೇಳ್ಕೋ, ಇದೇ ಅದು" ಎಂದ. ಗಾಜಿನ ಲೋಟದೊಳಗೆ ಗುಂಡುಸೂಜಿ ಹಾಕಿ ಅಲುಗಿಸಿದಂತೆ ಮೂರು ಸದ್ದು ತಲೆಬುರುಡೆಯ ಒಳಗೇ ಹುಟ್ಟಿದವು. ಹಲ್ಲು ಜುಮ್ಮೆಂದಿತು. ಫ್ಯೂಸು ಹಾಕಿ ಮತ್ತೆ ಒತ್ತಿದ. ಮೀಟರಿನ ಮುಳ್ಳು ಒಂದೂಕಾಲಿಗೆ ಏರಿತು, ಬೆನ್ನು ಸೀಟಿಗೆ ಅಂಟಿತು, ಕಿವಿಯೊಳಗೆ ಬರೀ ಮೊರೆತ. ತುಂತುರು ಕೆಲಸ ಮಾಡುತ್ತಿತ್ತು. ಅದು ನಿಜಕ್ಕೂ ಚೆಂದದ ಕೆಲಸ. ಹೆದರಿಕೆಯ ನಡುವೆಯೂ ಅದನ್ನು ಒಪ್ಪಿಕೊಳ್ಳಬೇಕು.

ತೊಂದರೆ ಶುರುವಾದದ್ದು ರಸ್ತೆಗಿಳಿದ ಮೇಲೆ. ಮಂಜುಗಡ್ಡೆಯನ್ನು ಕಚ್ಚಲು ಟೈರಿಗೆ ಹೊಡೆದ ಉಕ್ಕಿನ ಮೊಳೆಗಳು ಬರಿಯ ಡಾಂಬರು ಸಿಕ್ಕಿದ ಕಡೆ ಟಿಕ್ ಎಂದವು. ತೊಡೆಗೆ ಹೊಡೆದೆ. ಜಾರದಿರಲೆಂದು ಚೆಲ್ಲಿದ ಜಲ್ಲಿ ಕಾರಿನ ಹೊಟ್ಟೆಗೆ ಬಡಿದು ಟಿಕ್ ಎಂದಿತು. ಹೊಡೆದೆ. ಒಮ್ಮೆ ಟೂರೆ ಬಾಯಲ್ಲಿದ್ದ ಪೆಪ್ಪರಮೆಂಟು ಕಡಿದ. ಅದಕ್ಕೂ ಹೊಡೆದೆ.

"ನನ್ನ ತೊಡೆ ನೋಡೇ ಗುನ್ವೋರ್, ನೇರಳೆ ಹಣ್ಣಾಗಿದೆ!" ಎಂದು ಟೂರೆ ಮನೆಯಲ್ಲಿ ಪ್ಯಾಂಟಿಳಿಸಿ ತೋರಿಸಿದ. ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಕತೆ ಹಬ್ಬಿತು. ನಾನು ಒಳಗೆ ಬಂದರೆ ಯಾರಾದರೊಬ್ಬರು ಚಮಚದಿಂದ ಕಪ್ಪಿಗೆ ಟಿಕ್ ಎನ್ನಿಸುವುದು, ಉಳಿದವರೆಲ್ಲ ತಮ್ಮ ತಮ್ಮ ತೊಡೆಗೆ ಪಟಪಟ ಹೊಡೆದುಕೊಳ್ಳುವುದು. ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ?

ಕೊನೆಗೆ ಟೂರೆ ಕರಾರು ಬದಲಾಯಿಸಿದ. "ಒಂದಕ್ಕೆ ಹೊಡೀಬೇಡ. ಸಾಲಾಗಿ ಮೂರು ಬಂದ್ರೆ ಹೊಡಿ. ಇನ್ನೊಂದು ಸಲ ಸುಮ್ಸುಮ್ನೆ ಹೊಡೆದ್ರೆ ನಿನ್ನ ಬದ್ಲು ನಿಮ್ಮ ಚರ್ಚಿನ ಪಾದ್ರಿಯಮ್ಮನ್ನ ಕೂರಿಸ್ಕೋತೀನಿ."

ಏಪ್ರಿಲ್ ಬಂತು. ಹಿಮ ಕರಗಿತು. ಉಪ್ಪು, ಜಲ್ಲಿಪುಡಿ, ಅರೆಗರಗಿದ ಹಿಮ ಎಲ್ಲ ಕಲಸಿ ರಸ್ತೆಯ ತುಂಬ ಕಂದು ರಾಡಿಯಾಯಿತು. ಅಂಥದ್ದೇ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ ಪೇಟೆಯಲ್ಲಿ ಕಾರಿನ ತಪಾಸಣೆ ಎಂದು ಹೊರಟೆವು. ಅಂದೇ ಆಗಬೇಕು, ತಪ್ಪಿದರೆ ಮರುದಿನದಿಂದ ಕಾರು ರಸ್ತೆಗಿಳಿಯುವಂತಿಲ್ಲ. ಟೂರೆ ಡಬ್ಬಿಗೆ ನೀಲಿ ನೀರು ತುಂಬಿಸಿದ್ದ. ನನ್ನ ತಲೆಗೆ ಕಿವಿಮುಚ್ಚುಗೆ ಹಾಕಿಸಿದ್ದ.

ಹತ್ತೂ ಇಪ್ಪತ್ತಕ್ಕೆ ದಿಮ್ಮಿ ಲಾರಿ ಸಿಕ್ಕಿತು.

ಅದರ ಹಿಂದೆ ಹದಿನೈದು ನಿಮಿಷ ಗಂಟೆಗೆ ಎಪ್ಪತ್ತರಲ್ಲಿ ತೆವಳಿದೆವು. ಅದು ಎರಚುವ ರಾಡಿ ಗಾಜಿಗೆ ಬೀಳುವುದು, ಟೂರೆ ಕಡ್ಡಿ ಎಳೆಯುವುದು, ನೀಲಿ ನೀರು ಚಿಮ್ಮುವುದು, ವೈಪರು ಒರೆಸುವುದು. ಮತ್ತೆ ರಾಡಿ, ಮತ್ತೆ ಕಡ್ಡಿ. ಸಂಜ್ಞೆ, ಕರಾರು, ಮೂರು ಟಿಕ್ ಎಲ್ಲ ತಲೆಯಲ್ಲಿತ್ತು. ಕಣ್ಣೆದುರಿಗಿನ ಕಡ್ಡಿ ಮಾತ್ರ ತಲೆಗೆ ಹೊಳೆಯಲಿಲ್ಲ.

ಕೆರೆಯ ಪಕ್ಕದ ಎರಡು ಕಿಲೋಮೀಟರ್ ನೇರ ದಾರಿ ಬಂತು. ಎದುರಿಗೆ ಖಾಲಿ.

"ಹಿಡ್ಕೋ" ಎಂದ ಟೂರೆ.

"ಬೇಡ ಟೂರೆ. ತಡ ಆದ್ರೆ ಆಗ್ಲಿ, ಫೋನ್ ಮಾಡೋಣ."

ಅವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಎರಡು ಸಾಲುಗಳ ನಡುವೆ ರಾಡಿಯ ದಿಬ್ಬ ಗೇಣೆತ್ತರ ಇತ್ತು. ಅದನ್ನು ದಾಟುವಾಗ ಕಾರಿನ ಹಿಂಭಾಗ ಒಂದು ಸಲ ತೂಗಿತು. ಆಮೇಲೆ ಟರ್ಬೊ ಶಿಳ್ಳೆ ಹಾಕಿತು. ಮುಳ್ಳು ಒಂದೂಕಾಲು. ಕಿವಿಯೊಳಗೆ ಶುದ್ಧ ಮೊರೆತ. ನನ್ನ ಬಲಗಡೆ, ಕಿಟಕಿಯಿಂದ ಒಂದು ಮಾರು ದೂರದಲ್ಲಿ ಲಾರಿಯ ಹಿಂದಿನ ಚಕ್ರ, ನನಗಿಂತ ಎತ್ತರ. ಆಮೇಲೆ ಅದರ ಮುಂದಿನದು. ಅದರ ಮುಂದಿನದು.

ಅರ್ಧ ಲಾರಿ ದಾಟಿದ್ದೆವು. ಅದರ ಮುಂಚಕ್ರ ಯಾವುದೋ ಹೊಂಡಕ್ಕೆ ಇಳಿದಿರಬೇಕು. ರಾಡಿಯ ಒಂದು ಗೋಡೆಯೇ ಎದ್ದು ನಮ್ಮ ಗಾಜಿನ ಮೇಲೆ ಬಿತ್ತು. ಕಾರೊಳಗೆ ಕತ್ತಲಾಯಿತು. ಟೂರೆ ಕಡ್ಡಿ ಎಳೆದು ಹಿಡಿದ. ನೀಲಿ ನೀರು ಚಿಮ್ಮಿ, ವೈಪರಿನ ಒಂದು ಬೀಸಿಗೆ ಅರ್ಧಚಂದ್ರದಷ್ಟು ಗಾಜು ತಿಳಿಯಾಯಿತು. ಆ ಅರ್ಧಚಂದ್ರದೊಳಗೆ, ದಾರಿಯ ಆ ತುದಿಯಲ್ಲಿ ಎರಡು ದೀಪ. ಹಾಲಿನ ಟ್ಯಾಂಕರು.

ಟಿಕ್.

ಟಿಕ್. ಟಿಕ್.

ಕೈ ಎತ್ತಿದೆ. ಮೂರು ಬಂದಿತ್ತು, ಸಾಲಾಗಿ ಬಂದಿತ್ತು, ಹೊಡೆಯಬೇಕಿತ್ತು. ಕೈ ಗಾಳಿಯಲ್ಲಿ ನಿಂತಿತು. ಮೊಳೆ ಇರಬಹುದೇ? ಜಲ್ಲಿ ಇರಬಹುದೇ? ಸುಳ್ಳಾದರೆ? ಟಿಕ್. ಟಿಕ್. ಟಿಕ್. ಗುಂಡುಸೂಜಿಗಳು. ಸಂಶಯವೇ ಇಲ್ಲ. ಆದರೂ ಕೈ ಇಳಿಯದು. ಟ್ಯಾಂಕರಿನ ದೀಪಗಳು ಈಗ ಬೆಳಕಲ್ಲ, ಮುಖವಾಗಿದ್ದವು. ಈಗ ಹೊಡೆದರೆ ಟೂರೆ ಕಾಲು ಎತ್ತುತ್ತಾನೆ. ಎತ್ತಿದರೆ ನಾವು ಅರವತ್ತು ಟನ್ನಿನ ಪಕ್ಕದಲ್ಲಿ, ಹಿಂದೂ ಅಲ್ಲ ಮುಂದೂ ಅಲ್ಲ, ಉಳಿಯುತ್ತೇವೆ. ಹೊಡೆಯದಿದ್ದರೆ ಪಿಸ್ಟನ್ನು ಒಡೆದು ಅಲ್ಲೇ ಉಳಿಯುತ್ತೇವೆ. ಅಕ್ಕ ಕೊಟ್ಟ ಒಂದೇ ಒಂದು ಕೆಲಸ ಇದ್ದದ್ದು ನನ್ನ ಆ ಕೈಯಲ್ಲಿ, ಮತ್ತು ಆ ಕೈ ಗಾಳಿಯಲ್ಲಿ ಮರಗಟ್ಟಿತ್ತು.

ಆಗ ನನ್ನ ಕಣ್ಣು ಅವನ ಕೈ ಮೇಲೆ ಬಿತ್ತು. ಕಡ್ಡಿಯನ್ನು ಇನ್ನೂ ಎಳೆದು ಹಿಡಿದಿದ್ದ. ಗಾಜಿನ ಮೇಲೆ ನೀಲಿ ನೀರು ಧಾರಾಳವಾಗಿ ಹರಿಯುತ್ತಿತ್ತು. ಎಂಜಿನ್ನಿಗೆ ಹೋಗಬೇಕಾದ ನೀರು.

"ಕಡ್ಡಿ! ಕಡ್ಡಿ ಬಿಡು!"

"ಏನು?"

ತೊಡೆಗಲ್ಲ, ಮಣಿಕಟ್ಟಿಗೆ ಹೊಡೆದೆ. ಕೈ ಜಾರಿತು. ಮೊರೆತ ಮರಳಿತು. ಟಿಕ್ ನಿಂತಿತು. ಮರುಕ್ಷಣವೇ ಮತ್ತೊಂದು ರಾಡಿಯ ಅಲೆ ಬಂದು ಗಾಜನ್ನು ಮುಚ್ಚಿತು. ವೈಪರುಗಳು ನೀರಿಲ್ಲದೆ ರಾಡಿಯನ್ನು ಬೆಣ್ಣೆಯಂತೆ ಸವರಿದವು. ಎದುರಿಗೆ ಏನೂ ಇಲ್ಲ. ಕಂದು ಬಣ್ಣ ಒಂದೇ.

"ಕಾಣ್ತಿಲ್ಲ! ಎವರ್ಟ್, ನಂಗೇನೂ ಕಾಣ್ತಿಲ್ಲ!"

ಭಾವನ ದನಿ ಹಾಗೆ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅದು ಟಿಕ್‌ಗಿಂತ ಭಯಂಕರ.

"ಒತ್ತು! ನೆಟ್ಟಗೆ ಒತ್ತು, ತಿರುಗಿಸ್ಬೇಡ!" ಎಂದು ಕೂಗಿ, ಪಕ್ಕದ ಕಿಟಕಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ರಬ್ಬರ್ ಪೈಪು ಕಿತ್ತು ಬಂತು. ರಾಡಿ ಕಣ್ಣಿಗೆ, ಬಾಯಿಗೆ. ಲಾರಿಯ ಚಕ್ರಗಳೇ ನನಗೆ ದಾರಿ. "ಇನ್ನೂ ಇದೆ! ಇನ್ನೂ ಇದೆ! ಒಂಚೂರು ಎಡಕ್ಕೆ! ಇನ್ನೂ ಇದೆ!" ಮುಂಚಕ್ರ ನನ್ನ ಸಮಕ್ಕೆ ಬಂತು. ಅಲ್ಲೇ ನಿಂತಿತು. ಮುಂದೆ ಹೋಗುತ್ತಿಲ್ಲ. ಟ್ಯಾಂಕರಿನ ಹಾರ್ನು ಶುರುವಾಯಿತು, ನಿಲ್ಲದ ಒಂದೇ ಸ್ವರ, ಕೆಳಗಿನ ಸಪ್ತಕದ ಮಧ್ಯಮ. ಇಂಥ ಹೊತ್ತಿನಲ್ಲೂ ಸ್ವರ ಗುರುತಿಸುವ ಕಿವಿಗೆ ಬೆಂಕಿ ಹಾಕಬೇಕು.

ಇದ್ದಕ್ಕಿದ್ದಂತೆ ಲಾರಿಯ ಮುಂಚಕ್ರ ಹಿಂದೆ ಸರಿಯಿತು. ಬಾಗಿಲು ಸರಿಯಿತು, ಕನ್ನಡಿ ಸರಿಯಿತು, ಮೂತಿ ಸರಿಯಿತು.

"ಈಗ! ಬಲಕ್ಕೆ!"

ಟೂರೆ ತಿರುಗಿಸಿದ. ದಿಬ್ಬ ಹಾರಿದೆವು. ಕಾರು ಒಂದು ಸಲ ಅತ್ತ, ಒಂದು ಸಲ ಇತ್ತ ಬಾಲ ಬೀಸಿತು. ಎಡಗಡೆಯಿಂದ ಟ್ಯಾಂಕರು ಹಾದುಹೋದ ಗಾಳಿಗೆ ಕಾರು ಕೊಡವಿದ ಹಾಸಿಗೆಬಟ್ಟೆಯಂತೆ ಅದುರಿತು. ಆಮೇಲೆ ಟೂರೆ ಕಡ್ಡಿ ಎಳೆದ. ನೀಲಿ ನೀರು. ಗಾಜು ತಿಳಿಯಾಯಿತು. ಖಾಲಿ ರಸ್ತೆ, ಬರ್ಚ್ ಮರಗಳು, ಬಸ್ಸು ನಿಲ್ಲುವ ಜಾಗ. ಅಲ್ಲಿ ನಿಲ್ಲಿಸಿದ. ಎಂಜಿನ್ನು ಆರಿಸಿದ ಮೇಲೂ ಸ್ಟೇರಿಂಗ್ ಬಿಡಲಿಲ್ಲ.

"ಜಾಣ ಕಣೋ ನೀನು" ಎಂದ. "ಬಡಿತ ಬಂತು, ಆದ್ರೂ ತೊಡೆಗೆ ಹೊಡೀಲಿಲ್ಲ. ಹೊಡೆದಿದ್ರೆ ಅಲ್ಲೇ ಸತ್ತಿರ್ತಿದ್ವಿ. ಅಷ್ಟು ಬೇಗ ಲೆಕ್ಕ ಹಾಕ್ದೆಯಲ್ಲ! ಕೊನೇಲಿ ಕಾರು ಹೆಂಗೆ ಎಳೀತು ನೋಡ್ದೆಯಾ?"

ನಾನು ಉತ್ತರ ಕೊಡುವ ಮೊದಲು ದಿಮ್ಮಿ ಲಾರಿ ಬಂದು ನಮ್ಮ ಹಿಂದೆ ನಿಂತಿತು. ಬಾಗಿಲು ತೆರೆದು ಒಬ್ಬಳು ಹೆಂಗಸು ಇಳಿದಳು, ನಲವತ್ತರ ಆಸುಪಾಸು, ಕಿತ್ತಳೆ ಕೋಟು. ಲಾರಿಯ ಬಾಗಿಲು ಹಾಕದೆಯೇ ನಮ್ಮತ್ತ ಬಂದಳು.

"ಕಣ್ಣು ಮುಚ್ಕೊಂಡು ಕಾರು ಓಡ್ಸೋ ಮಹಾನುಭಾವ ಯಾರು ನಿಮ್ಮಲ್ಲಿ?"

ಟೂರೆ ಬೆರಳೆತ್ತಿದ.

"ಕನ್ನಡೀಲಿ ನೋಡ್ತೀನಿ, ನಿಮ್ಮ ಗಾಜಿನ ತುಂಬ ಬರೀ ರಾಡಿ! ಕಿಟಕೀಲೊಂದು ತಲೆ ಅರಚ್ತಿದೆ! ನಾನು ಬ್ರೇಕ್ ಒತ್ತದೆ ಇದ್ದಿದ್ರೆ ಇವತ್ತು ಹಾಲಿನ ಜೊತೆ ಕಲಸಿ ಹೋಗ್ತಿದ್ರಿ. ಅರವತ್ತು ಟನ್ ಕಣ್ರೋ, ಈ ರಾಡೀಲಿ! ಹಿಂದಿನ ಟ್ರೇಲರು ಅಡ್ಡಡ್ಡ ಬರ್ತಿತ್ತು. ನನ್ನ ಹೆಣಾನೂ ಬೀಳ್ತಿತ್ತು."

ಟೂರೆಯ ಮುಖದಿಂದ ಕಾರು ಎಳೆದ ಹೆಮ್ಮೆ ಮೆಲ್ಲಗೆ ಇಳಿಯಿತು.

"ಗಾಜು ಯಾಕೆ ತೊಳೀಲಿಲ್ಲ? ನೀರಿರ್ಲಿಲ್ವಾ?"

"ನೀರಿತ್ತು" ಎಂದ ಟೂರೆ.

"ಮತ್ತೆ?"

"ಬೇರೆ ಕಡೆಗೆ ಬೇಕಾಗಿತ್ತು."

ಆಕೆ ಅವನನ್ನು ನೋಡಿದಳು, ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ರಬ್ಬರ್ ಪೈಪನ್ನು ನೋಡಿದಳು. ಹೋಗಿ ಲಾರಿಯ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಟೂರೆ ಬಾನೆಟ್ ಎತ್ತಿ, ಕಿಡಿ ಹೊತ್ತಿಸುವ ಒಂದು ಪ್ಲಗ್ಗು ಬಿಚ್ಚಿದ. ಅದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಹೊಳೆಯುವ ಕಾಳುಗಳು ಅಂಟಿದ್ದವು. ಪಿಸ್ಟನ್ನಿನ ಲೋಹ, ಕರಗಿ ಹಾರಿದ್ದು. ಅವನು ಎಣಿಸಲು ಹೋಗಿ ಬಿಟ್ಟ.

"ಎಷ್ಟು ಸಲ ಕೇಳಿಸ್ತು?"

"ಒಂಬತ್ತೋ ಹತ್ತೋ."

"ಮೂರಕ್ಕೇ ಗೊತ್ತಾಗ್ಲಿಲ್ವಾ?"

ಹೇಳಲು ಒಳ್ಳೆಯ ಉತ್ತರ ಸಿದ್ಧವಾಗಿತ್ತು. ಅವನೇ ಹೊಲಿದುಕೊಟ್ಟಿದ್ದ: ಲೆಕ್ಕ ಹಾಕಿದೆ, ಯೋಚಿಸಿದೆ, ಜಾಣ. ಹಾಕಿಕೊಂಡಿದ್ದರೆ ಒಪ್ಪುತ್ತಿತ್ತು ಕೂಡ. ಆದರೆ ಆ ಹೆಂಗಸು ಮೆಟ್ಟಿಲ ಮೇಲೆ ಇನ್ನೂ ಹಾಗೇ ಕೂತಿದ್ದಳು.

"ಮೂರಕ್ಕೇ ಗೊತ್ತಾಯ್ತು. ಸುಳ್ಳಾದ್ರೆ ನೀವೆಲ್ಲ ಮತ್ತೆ ನಗ್ತೀರಿ ಅಂತ ಹೊಡೀಲಿಲ್ಲ. ಲೆಕ್ಕ ಗಿಕ್ಕ ಎಲ್ಲ ಆಮೇಲೆ ಬಂದಿದ್ದು ಟೂರೆ. ಮೊದ್ಲು ನಾಚ್ಕೆಗೆ ಸುಮ್ನಿದ್ದೆ. ಕಡ್ಡಿ ಕಣ್ಣಿಗೆ ಬಿದ್ದಿದ್ದಂತೂ ಇನ್ನೂ ಆಮೇಲೆ."

ಟೂರೆ ಪ್ಲಗ್ಗನ್ನು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದಷ್ಟೂ ಕಾಳು ಹೋಗಲಿಲ್ಲ. ಆಮೇಲೆ ಅದನ್ನು ಮತ್ತೆ ತಿರುಪಿ ಕೂರಿಸಿ, ವಾಲ್ವಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಕಿತ್ತು, ಟರ್ಬೊ ಒತ್ತಡದ ತಿರುಪನ್ನು ಅರ್ಧಕ್ಕೆ ಇಳಿಸಿದ. ಸ್ಪ್ಯಾನರು ಎರಡು ಸಲ ರಾಡಿಗೆ ಬಿತ್ತು. ಎರಡು ಸಲವೂ ನಾನೇ ಎತ್ತಿಕೊಟ್ಟೆ.

"ಗುನ್ವೋರ್‌ಗೆ ಹೇಳ್ಬೇಡ" ಎಂದ.

"ಹೇಳ್ತೀನಿ" ಎಂದೆ.

ಅವನು 'ಶುಪ್' ಎನ್ನದೆ ಬಾನೆಟ್ ಮುಚ್ಚಿದ.

ಹನ್ನೊಂದು ಹೊಡೆದು ಹೋಗಿತ್ತು. ತಪಾಸಣೆಯವರಿಗೆ ಫೋನ್ ಮಾಡಿ ತಡವಾಗಿ ಬರುತ್ತೇವೆ ಎಂದೆ. ಟೂರೆ ಹೋಗಿ ಆ ಹೆಂಗಸಿನ ಕೈ ಕುಲುಕಿ ಏನೋ ಹೇಳಿ ಬಂದ. ಆಕೆ ಮೊದಲು ಹೊರಟಳು. ನಾವು ಅವಳ ಹಿಂದೆ, ಐವತ್ತರಲ್ಲಿ. ಕಿವಿಮುಚ್ಚುಗೆ ಹಿಂದಿನ ಸೀಟಿನಲ್ಲಿತ್ತು, ಆದರೂ ನನ್ನ ಕಿವಿ ಹುಡುಕುತ್ತಲೇ ಇತ್ತು. ಮೊಳೆ ಟಿಕ್ ಎಂದರೆ ಕೈ ತಾನಾಗಿ ಅವನ ತೊಡೆಯತ್ತ ಏಳುತ್ತಿತ್ತು.

ಲಾರಿ ರಾಡಿ ಎರಚಿತು. ಗಾಜು ಮಸುಕಾಯಿತು. ಟೂರೆಯ ಕೈ ಕಡ್ಡಿಯವರೆಗೆ ಹೋಗಿ ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಪೈಪು ಕಿತ್ತಾಗಿದೆ, ಒತ್ತಡ ಇಳಿಸಿಯಾಗಿದೆ, ಎಂಜಿನ್ನಿಗೆ ಈಗ ನೀರೇ ಬೇಕಿಲ್ಲ, ಅವನಿಗೂ ಗೊತ್ತಿತ್ತು. ಗಾಜು ಇನ್ನಷ್ಟು ಕಂದಾಯಿತು. ಮುಂದಿನ ಲಾರಿ ಬರೀ ನೆರಳಾಯಿತು.

"ಎಳಿ ಟೂರೆ."

"ಏನಾದ್ರೂ ಕೇಳಿಸ್ತಿದೆಯಾ?"

"ಏನೂ ಇಲ್ಲ. ಎಳಿ."

"ಸರಿಯಾಗಿ ಕೇಳ್ಕೊಂಡು ಹೇಳೋ."

ಉಸಿರು ಹಿಡಿದು ಕೇಳಿಸಿಕೊಂಡೆ. ಆಮೇಲೆ ನಾನೇ ಕೈ ಚಾಚಿ, ಅವನ ಕೈ ಮೇಲೆ ಕೈ ಇಟ್ಟು, ಇಬ್ಬರೂ ಸೇರಿ ಕಡ್ಡಿ ಎಳೆದೆವು.